ಬೀಗ ಹಾಕಿ, ಬಂಗಾರ ಮಾತ್ರ ಕೈಯಲ್ಲಿರಲಿ

ಮಂಗಳೂರಿನ ದೇರೆಬೈಲಿನಲ್ಲಿ ಗಲ್ಫಿಗೆ ಹೊರಡುವವರ ಮನೆಯನ್ನು ಹಿಂದಿನ ರಾತ್ರಿಯೇ ಗುರುತಿಸಬಹುದು. ಚಾವಡಿಯ ನಡುವೆ ಬಾಯ್ದೆರೆದ ಸೂಟ್‌ಕೇಸ್, ಸುತ್ತ ಕೋರಿ ರೊಟ್ಟಿಯ ಕಟ್ಟು, ಹಲಸಿನ ಹಪ್ಪಳ, ಉಪ್ಪಿನಕಾಯಿಯ ಡಬ್ಬಿ, ತೂಕ ನೋಡಲು ಕೊಕ್ಕೆಯ ತಕ್ಕಡಿ. ಎಲ್ಲ ತುಂಬಿ, ಮೊಣಕಾಲೂರಿ ಜಿಪ್ ಎಳೆದ ಮೇಲೆ ಒಳಗಿನಿಂದ ಅಮ್ಮನ ದನಿ ಬರುತ್ತದೆ: ‘ಬೀಗ ಹಾಕಿದ್ದೀಯಾ ಮಗಾ?’

2025ರ ಆಗಸ್ಟ್ 30ರ ನಂತರ ಈ ಪ್ರಶ್ನೆಗೆ ತೂಕ ಹೆಚ್ಚಿದೆ. ಅಂದು ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಬಂದ ಪ್ರಯಾಣಿಕರೊಬ್ಬರ ಚೆಕ್-ಇನ್ ಬ್ಯಾಗಿನಲ್ಲಿದ್ದ 56 ಗ್ರಾಂ ಚಿನ್ನ ಕಾಣೆಯಾಯಿತು. ಬೆಲೆ ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ. ದೂರು ಪಡೆದ ಬಜ್ಪೆ ಪೊಲೀಸರು ನಿಲ್ದಾಣದಲ್ಲಿ ಲಗೇಜ್ ಏರಿಸಿ ಇಳಿಸುವ ಸಂಸ್ಥೆಯ ನಾಲ್ವರು ನೌಕರರನ್ನು ಬಂಧಿಸಿದರು. ಕದ್ದ ಚಿನ್ನ ಕೊಂಡ ಆರೋಪದಲ್ಲಿ ಇನ್ನೊಬ್ಬನೂ ಸಿಕ್ಕಿಬಿದ್ದ. ಚಿನ್ನದ ಬಹುಪಾಲು ಮರಳಿ ಸಿಕ್ಕಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಹಾಗಾದರೆ ಬೀಗ ಹಾಕಬೇಕೋ ಬೇಡವೋ? ಹಾಕಬೇಕು. ಆದರೆ ಬೀಗ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದು ಹಾಕಬೇಕು. ಕಳ್ಳನನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಯಾರಾದರೂ ಬ್ಯಾಗ್ ತೆರೆದಿದ್ದರೆ ಅದನ್ನು ಮಾಲೀಕನಿಗೆ ಹೇಳುವ ಶಕ್ತಿ ಇದೆ, ಸರಿಯಾಗಿ ಹಾಕಿದ್ದರೆ.

ಬಟ್ಟೆಯ ಸೂಟ್‌ಕೇಸಿನ ಜಿಪ್ಪನ್ನೇ ನೋಡಿ. ಸಾದಾ ಬಾಲ್‌ಪೆನ್ನಿನ ತುದಿ ಒತ್ತಿದರೆ ಹಲ್ಲುಗಳು ಬಿಟ್ಟುಕೊಳ್ಳುತ್ತವೆ, ಬೀಗ ಇದ್ದಲ್ಲೇ ಇರುತ್ತದೆ. ಬೇಕಾದ್ದನ್ನು ತೆಗೆದು, ಬೀಗದ ಸಮೇತ ಜಿಪ್ಪಿನ ಎರಡು ರನ್ನರ್‌ಗಳನ್ನು ಒಮ್ಮೆ ಹಿಂದೆ ಮುಂದೆ ಎಳೆದರೆ ಜಿಪ್ ಮತ್ತೆ ಮುಚ್ಚಿಕೊಳ್ಳುತ್ತದೆ. ಮನೆ ತಲುಪಿದವರಿಗೆ ಯಾವ ಗುರುತೂ ಕಾಣುವುದಿಲ್ಲ. ಆದ್ದರಿಂದ ಎರಡು ರನ್ನರ್‌ಗಳನ್ನು ಒಂದಕ್ಕೊಂದು ಸೇರಿಸಿ ಬೀಗ ಹಾಕಿದರೆ ಸಾಲದು, ಅವು ಅಲ್ಲಾಡದಂತೆ ಬ್ಯಾಗಿನ ಹಿಡಿಗೆ ಬಿಗಿಯಬೇಕು. ಆಗ ಪೆನ್ನಿನಿಂದ ತೆರೆದ ಜಿಪ್ಪನ್ನು ಮುಚ್ಚಲು ದಾರಿಯಿರುವುದಿಲ್ಲ. ಜಿಪ್ಪೇ ಇಲ್ಲದ, ಕೊಂಡಿ ಹಾಕುವ ಗಟ್ಟಿ ಪೆಟ್ಟಿಗೆ ಇನ್ನೂ ವಾಸಿ.

ಹಳಬರಿಗೆ ಇದು ಗೊತ್ತಿತ್ತು. 2006ರ ಅಕ್ಟೋಬರಿನಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ಕರಾವಳಿಯ ಎಷ್ಟೋ ಜನ ಮುಂಬೈಗೆ ಹೋಗಿ ಗಲ್ಫ್ ವಿಮಾನ ಹತ್ತುತ್ತಿದ್ದರು. ರಟ್ಟಿನ ಪೆಟ್ಟಿಗೆಗೆ ನಾಲ್ಕು ಸುತ್ತು ಹಗ್ಗ, ಮೇಲೆ ದಪ್ಪಕ್ಷರದಲ್ಲಿ ಹೆಸರು. ತಾನು ಹಾಕಿದ ಗಂಟು ಯಾವುದು, ಬೇರೆಯವರು ಬಿಚ್ಚಿ ಹಾಕಿದ್ದು ಯಾವುದು ಎಂದು ಕಟ್ಟಿದವನಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಹಗ್ಗದ ಗಂಟು ಮಾಡುತ್ತಿದ್ದ ಈ ಕೆಲಸವನ್ನೇ ಇಂದಿನ ಬೀಗ ಮಾಡಬೇಕಾಗಿರುವುದು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟವರ ಲೆಕ್ಕ ಬೇರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಲ್ಲಿ ಚೆಕ್-ಇನ್ ಬ್ಯಾಗುಗಳೆಲ್ಲವನ್ನೂ ತಪಾಸಣೆ ಮಾಡುವ ನಿಯಮ ಬಂತು. ಸಂಶಯ ಬಂದ ಬ್ಯಾಗನ್ನು ಮಾಲೀಕ ಎದುರಿಗಿಲ್ಲದಿದ್ದರೂ ತೆರೆಯುತ್ತಾರೆ, ತಮ್ಮಿಂದ ತೆರೆಯಲಾಗದ ಬೀಗವಿದ್ದರೆ ಕತ್ತರಿಸುತ್ತಾರೆ, ಒಳಗೊಂದು ಚೀಟಿ ಇಟ್ಟು ಕಳಿಸುತ್ತಾರೆ. ಅದಕ್ಕೆಂದೇ ಬಂದದ್ದು ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ಒಪ್ಪಿದ ಬೀಗ, ಅಧಿಕಾರಿಗಳ ಬಳಿಯಿರುವ ಮಾಸ್ಟರ್ ಕೀಲಿಗಳಿಂದ ತೆರೆಯುವಂಥದ್ದು. 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಲೇಖನವೊಂದರ ಜತೆ ಆ ಕೀಲಿಗಳ ಚಿತ್ರವೇ ಅಚ್ಚಾಯಿತು. ಮರುವರ್ಷ ಅದನ್ನು ನೋಡಿಕೊಂಡು ಮನೆಯಲ್ಲೇ ಕೀಲಿ ಮುದ್ರಿಸುವ ತ್ರೀಡಿ ನಕಾಶೆಗಳು ಅಂತರ್ಜಾಲದಲ್ಲಿ ಹರಿದಾಡಿದವು. ಅಮೆರಿಕಕ್ಕೆ ಹೋಗುವವರು ಟಿಎಸ್‌ಎ ಬೀಗವನ್ನೇ ಹಾಕಲಿ, ಬೇರೆಯದು ಕತ್ತರಿಗೆ ಸಿಗುತ್ತದೆ. ಅದು ಗಟ್ಟಿ ಎಂಬ ನಂಬಿಕೆ ಮಾತ್ರ ಬೇಡ.

ನಮ್ಮಲ್ಲಿ ಎಕ್ಸ್-ರೇಯಲ್ಲಿ ಸಂಶಯ ಬಂದರೆ ಪ್ರಯಾಣಿಕರನ್ನು ಕರೆದು, ಅವರ ಎದುರೇ ಬ್ಯಾಗ್ ತೆರೆಸುವುದು ರೂಢಿ. ಆದ್ದರಿಂದ ಕೀಲಿಯನ್ನು ಸೂಟ್‌ಕೇಸಿನ ಹೊರಕಿಸೆಗೆ ತುರುಕದೆ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಪವರ್ ಬ್ಯಾಂಕ್ ಮರೆತು ಒಳಗಿಟ್ಟವರಿಗೆ ಈ ಕರೆ ಬರುತ್ತದೆ. ತೆಂಗಿನ ನಾಡಿನವರು ಇನ್ನೊಂದನ್ನೂ ನೆನಪಿಡಬೇಕು: ಒಣ ಕೊಬ್ಬರಿ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತನ್ನಷ್ಟಕ್ಕೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. 2022ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಅದನ್ನು ಚೆಕ್-ಇನ್ ಲಗೇಜಿನಲ್ಲಿ ನಿಷೇಧಿಸಿತು. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟ ಕೊಬ್ಬರಿಗೆ ಯಾವ ಬೀಗ ಹಾಕಿದರೂ ಅದು ಎಕ್ಸ್-ರೇ ಕಣ್ಣಿಗೆ ಬೀಳುತ್ತದೆ.

ಬೀಗಕ್ಕಿಂತ ಹೆಚ್ಚು ಚರ್ಚೆಯಾಗಬೇಕಾದ ವಿಷಯ ಪರಿಹಾರದ್ದು. ದೇಶದೊಳಗಿನ ಪ್ರಯಾಣದಲ್ಲಿ ಲಗೇಜ್ ಕಳೆದರೆ ವಿಮಾನ ಕಂಪನಿ ಕೊಡಬೇಕಾದ ಗರಿಷ್ಠ ಮೊತ್ತ 20,000 ರೂಪಾಯಿ. ಬಜ್ಪೆಯ ಪ್ರಕರಣದ ಚಿನ್ನದ ಬೆಲೆಯ ಪಕ್ಕದಲ್ಲಿಟ್ಟರೆ ಇಪ್ಪತ್ತರಲ್ಲಿ ಒಂದು ಪಾಲೂ ಆಗದು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದರ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಘಟಕ), ಅಂದರೆ ಎರಡು ಲಕ್ಷ ರೂಪಾಯಿಯ ಒಳಗೆ. ಚಿನ್ನ, ನಗದು, ಲ್ಯಾಪ್‌ಟಾಪ್ ಚೆಕ್-ಇನ್ ಬ್ಯಾಗಿನಲ್ಲಿದ್ದರೆ ತಾವು ಹೊಣೆಯಲ್ಲ ಎಂದು ವಿಮಾನ ಕಂಪನಿಗಳು ಟಿಕೆಟಿನ ಷರತ್ತಿನಲ್ಲೇ ಬರೆದಿರುತ್ತವೆ. ಬೆಲೆಬಾಳುವುದನ್ನು ಕೈಯಲ್ಲೇ ಒಯ್ಯಿ ಎಂಬ ಸಲಹೆ ಸರಿಯೇ. ಆದರೆ ಬ್ಯಾಗ್ ತಮ್ಮ ವಶಕ್ಕೆ ಪಡೆದ ಮೇಲೆ ತಮ್ಮ ಬೆಲ್ಟಿನ ಹಿಂದೆ, ತಮ್ಮದೇ ಗುತ್ತಿಗೆಯವರ ಕೈಯಲ್ಲಿ ಕಳ್ಳತನವಾದರೆ ಅದರ ಹೊಣೆ 20,000ಕ್ಕೆ ಮುಗಿಯಿತು ಎನ್ನುವುದು ಅನ್ಯಾಯ. ಈ ಮಿತಿಯನ್ನು ಸರಕಾರ ಏರಿಸಲೇಬೇಕು. ಲಗೇಜ್ ಏರಿಸಿ ಇಳಿಸುವ ಜಾಗದ ಪ್ರತಿ ಮೂಲೆಯಲ್ಲೂ ಸಿಸಿಟಿವಿ ಇರಬೇಕು, ದೂರು ಬಂದ ದಿನವೇ ಆ ದೃಶ್ಯ ಪೊಲೀಸರ ಕೈ ಸೇರಬೇಕು.

ಅಷ್ಟರವರೆಗೆ ಮದುವೆಗೆಂದು ಊರಿಗೆ ಬರುವವರು ಕರಿಮಣಿ, ಬಳೆ, ಪಾಸ್‌ಪೋರ್ಟ್, ಔಷಧಿಗಳನ್ನು ಏಳು ಕೆ.ಜಿ.ಯ ಕೈಚೀಲದಲ್ಲೇ ತರಲಿ. ಹೊರಡುವ ಮೊದಲು ಮುಚ್ಚಿದ ಬ್ಯಾಗಿನ ಫೋಟೊ ತೆಗೆದಿಟ್ಟುಕೊಳ್ಳಲಿ. ಕೆಂಜಾರಿನ ಗುಡ್ಡದ ಮೇಲಿರುವ ಮಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್‌ನಲ್ಲಿ ಬೆಲ್ಟಿನಿಂದ ಬ್ಯಾಗ್ ಎತ್ತಿದ ಕೂಡಲೇ ಬೀಗ, ಜಿಪ್ ಎರಡನ್ನೂ ನೋಡಲಿ. ಹೊರಗೆ ಮನೆಯವರು ಕಾಯುತ್ತಿದ್ದಾರೆಂದು ಅವಸರ ಮಾಡುವುದು ಬೇಡ. ಏನಾದರೂ ಸಂಶಯ ಬಂದರೆ ಹಾಲ್ ಬಿಡುವ ಮೊದಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು, ಅದರ ಪ್ರತಿ ಕೇಳಿ ಪಡೆಯಲಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ದೂರಿಗೆ ಇರುವ ಗಡುವು ಬ್ಯಾಗ್ ಕೈಗೆ ಬಂದ ದಿನದಿಂದ ಏಳು ದಿನ ಮಾತ್ರ.