ಹೊಸಬರ ಕೈ ಹಿಡಿಯುವವರಾರು?

1915ರಲ್ಲಿ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲಿದ್ದ ಪ್ರಾಚೀನ ಅಕ್ಷರಗಳನ್ನು ವಿದ್ವಾಂಸರ ಗಮನಕ್ಕೆ ತಂದವರು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರು. ಶಾಸನಶಾಸ್ತ್ರ ಅವರ ವೃತ್ತಿಯಾಗಿರಲಿಲ್ಲ. ಅವರು ಕಂಡದ್ದನ್ನು ಓದಿ, ಪರಿಶೋಧಿಸಿ, ಹೈದರಾಬಾದ್ ಪುರಾತತ್ವ ಮಾಲೆಯ ಪ್ರಥಮ ಪ್ರಕಟಣೆಯಾಗಿ ಹೊರತಂದವರು ಎಚ್. ಕೃಷ್ಣಶಾಸ್ತ್ರಿಗಳು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನಿಂದ ಕಾಣಿಸಿಕೊಂಡಿದ್ದ ಅರಸನು ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷ್ಯವೇ ದೊರಕಿದ್ದು ಹೀಗೆ, ರಾಯಚೂರು ಜಿಲ್ಲೆಯ ಈ ಬಿಸಿಲು ಸೀಮೆಯಲ್ಲಿ. ಕಂಡವರೊಬ್ಬರು, ಓದಬಲ್ಲವರು ಇನ್ನೊಬ್ಬರು. ಕಂಡವರಿಗೆ ಓದಲು ಬಾರದು ಎಂಬ ಕಾರಣಕ್ಕೆ ಅವರ ಮಾತನ್ನು ಯಾರೂ ತಳ್ಳಿಹಾಕಲಿಲ್ಲ. ಅವರು ಹೇಳಿದ ಮಾತ್ರಕ್ಕೆ ಪರಿಶೀಲನೆಯಿಲ್ಲದೆ ಒಪ್ಪಿಕೊಳ್ಳಲೂ ಇಲ್ಲ.

ಈ ಹಳೆಯ ಸಂಗತಿಯನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಅಂತರ್ಜಾಲದಲ್ಲಿ ವಿಕಿಪೀಡಿಯ ಎಂಬ ವಿಶ್ವಕೋಶವಿರುವುದು ವಾಚಕರಿಗೆ ತಿಳಿದೇ ಇದೆ. 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಆರಂಭವಾದ ಇದರ ಕನ್ನಡ ಆವೃತ್ತಿಯು 2003ರಲ್ಲಿ ಜನ್ಮ ತಾಳಿತು. ಇದರಲ್ಲಿ ಸಂಬಳದ ಲೇಖಕರಿಲ್ಲ, ನೇಮಕಗೊಂಡ ಸಂಪಾದಕ ಮಂಡಳಿಯಿಲ್ಲ; ಬರೆಯುವವರು, ತಿದ್ದುವವರು, ಕಾಯುವವರು ಎಲ್ಲರೂ ಸ್ವಯಂಸೇವಕರೇ. ಪ್ರತಿ ಪುಟದ ಮೇಲೂ ‘ಸಂಪಾದಿಸಿ’ ಎಂಬ ಪದವಿದೆ. ಅದನ್ನು ಒತ್ತುವ ಅಧಿಕಾರ ಬಹುಮಟ್ಟಿಗೆ ಎಲ್ಲರಿಗೂ ಇದೆ. ಆದರೆ ಒತ್ತಿದ ಮೇಲೆ ಏನು ಮಾಡಬೇಕೆಂಬ ತಿಳಿವಳಿಕೆ ಎಲ್ಲರಿಗೂ ಇರುವುದಿಲ್ಲ. ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗೆ ಬಂದವನಿಗೆ ಕೂರಲು ಮಣೆ ಸಿಕ್ಕಿತೆಂದು ಅರ್ಥವಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಸ್ಕಿ ಸೀಮೆಯ ವಳಕಮದಿನ್ನಿಯಂತಹ ಊರಿನಿಂದ ಪದವಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಊರಿನ ಹೆಸರನ್ನು ಹುಡುಕುತ್ತಾಳೆ. ಎಲ್ಲೋ ಒಂದು ಪುಟದಲ್ಲಿ ಊರು ಇನ್ನೂ ಹಳೆಯ ತಾಲ್ಲೂಕಿನಲ್ಲೇ ಉಳಿದಿರುವುದು ಕಣ್ಣಿಗೆ ಬೀಳುತ್ತದೆ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಊರುಗಳನ್ನು ಬೇರ್ಪಡಿಸಿ ಮಸ್ಕಿಯನ್ನು ಪ್ರತ್ಯೇಕ ತಾಲ್ಲೂಕನ್ನಾಗಿಸಿದ್ದು ಕಳೆದ ದಶಕದ ಉತ್ತರಾರ್ಧದಲ್ಲಿ. 2011ರ ಜನಗಣತಿಯ ಪುಸ್ತಕದಲ್ಲಿ ಆ ತಾಲ್ಲೂಕಿನ ಹೆಸರೇ ಇರಲು ಸಾಧ್ಯವಿಲ್ಲ. ಹುಡುಗಿ ತಾಲ್ಲೂಕಿನ ಹೆಸರನ್ನು ತಿದ್ದುತ್ತಾಳೆ. ಅಷ್ಟಕ್ಕೇ ನಿಲ್ಲದೆ ಊರ ಜಾತ್ರೆಯ ವಿಷಯ, ಹಳೆಯ ಬಾವಿಯ ವಿಷಯ, ‘ದಿನ್ನಿ’ ಎಂದರೆ ದಿಬ್ಬವೆಂದೂ ಆ ದಿಬ್ಬದ ಮೇಲೆ ಮೊದಲು ಯಾರು ನೆಲೆಸಿದರೆಂದೂ ಅಜ್ಜಿ ಹೇಳಿದ ಕಥೆಯನ್ನು ನಾಲ್ಕು ಸಾಲು ಬರೆಯುತ್ತಾಳೆ. ಮರುದಿನ ನೋಡಿದರೆ ಎಲ್ಲವೂ ಮಾಯ! ಪುಟವು ಹಿಂದಿನ ಸ್ಥಿತಿಗೆ ಮರಳಿದೆ. ‘ಉಲ್ಲೇಖವಿಲ್ಲ’ ಎಂಬ ಒಂದೇ ಮಾತು ಇತಿಹಾಸದ ಪಟ್ಟಿಯಲ್ಲಿದೆ.

ಅಳಿಸಿದವನು ದುಷ್ಟನಲ್ಲ. ಕನ್ನಡದ ಆವೃತ್ತಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ. ಅವುಗಳನ್ನು ಕಾಯುವ ನಿರ್ವಾಹಕರು ಬೆರಳೆಣಿಕೆಯಷ್ಟು ಮಂದಿ. ಜಾಹೀರಾತು ತುರುಕುವವರು, ಜಾತಿಯ ಜಗಳ ತರುವವರು, ಸುಮ್ಮನೆ ಕೀಟಲೆ ಮಾಡುವವರು ದಿನವೂ ಬರುತ್ತಾರೆ. ಅವರ ನಡುವೆ ಈ ಹುಡುಗಿಯೂ ಒಬ್ಬಳಾಗಿ ಕಂಡಳು, ಅಷ್ಟೆ. ಆದರೆ ಅವಳು ಮತ್ತೆ ಬರುವಳೇ? ಇಂಗ್ಲಿಷ್ ಆವೃತ್ತಿಯಲ್ಲಿ 2007ರ ನಂತರ ಸಕ್ರಿಯ ಸಂಪಾದಕರ ಸಂಖ್ಯೆ ಇಳಿಮುಖವಾದುದರ ಕಾರಣಗಳನ್ನು ಆರನ್ ಹಾಫೇಕರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಸದುದ್ದೇಶದಿಂದ ಬಂದ ಹೊಸಬರ ಬರವಣಿಗೆಯನ್ನೂ ಯಂತ್ರಸಹಾಯದಿಂದ ತ್ವರಿತವಾಗಿ ತಳ್ಳಿಹಾಕಿದ್ದು, ನಿಯಮಗಳು ಬಿಗಿಯಾಗುತ್ತ ಹೋದದ್ದು, ಇವೇ ಅವರು ಕಂಡುಕೊಂಡ ಮುಖ್ಯ ಕಾರಣಗಳು. ಲಕ್ಷಾಂತರ ಸದಸ್ಯರಿರುವ ಇಂಗ್ಲಿಷು ಆ ನಷ್ಟವನ್ನು ತಾಳಿಕೊಂಡೀತು. ತಮಿಳಿನಲ್ಲಿ ಒಂದೂವರೆ ಲಕ್ಷವನ್ನು ದಾಟಿದ ಲೇಖನಗಳಿರುವಾಗ ಮೂವತ್ತು ಸಾವಿರದ ಆಸುಪಾಸಿನಲ್ಲಿರುವ ಕನ್ನಡವು ತಾಳಿಕೊಳ್ಳಲಾರದು.

ಹಾಗಾದರೆ ಕರುಣೆಯ ಹೆಸರಿನಲ್ಲಿ ನಿಯಮವನ್ನು ಸಡಿಲಿಸಬೇಕೇ? ಕೂಡದು ಎಂಬುದೇ ನನ್ನ ಅಭಿಮತ. ವಿಶ್ವಕೋಶದಲ್ಲಿ ‘ನನಗೆ ಗೊತ್ತು’ ಎಂಬ ಮಾತಿಗೆ ಬೆಲೆಯಿಲ್ಲ. ‘ಇಲ್ಲಿ ನೋಡಿ’ ಎಂಬ ಮಾತಿಗೆ ಬೆಲೆ. ಬರೆಯುವವನ ಹೆಸರು, ಅರ್ಹತೆ, ಮುಖ ಯಾವುದೂ ಓದುಗನಿಗೆ ಕಾಣದಿರುವ ಕಡೆ ಆಧಾರವನ್ನೂ ಬಿಟ್ಟುಕೊಟ್ಟರೆ ಉಳಿಯುವುದು ಊಹಾಪೋಹ. ಇಂದು ಎಲ್ಲಿಂದಲೋ ಎತ್ತಿದ ಸಂದೇಶಗಳನ್ನು ಸತ್ಯವೆಂದು ಹಂಚುವ ಕಾಲದಲ್ಲಿ, ಆಧಾರ ಕೇಳುವ ಒಂದು ಜಾಗವಾದರೂ ನಮ್ಮ ಭಾಷೆಯಲ್ಲಿರುವುದು ಭಾಗ್ಯವೇ ಸರಿ. ಸಡಿಲವಾಗಬೇಕಾದದ್ದು ನಿಯಮವಲ್ಲ, ಅದನ್ನು ಹೇಳುವ ಧ್ವನಿ. ಆ ಹುಡುಗಿಯ ಚರ್ಚಾಪುಟದಲ್ಲಿ ಯಾರಾದರೊಬ್ಬರು, “ನಮಸ್ಕಾರ. ತಾಲ್ಲೂಕಿನ ಬಗ್ಗೆ ನೀವು ಬರೆದದ್ದು ಸರಿಯಿದ್ದೀತು. ಸರ್ಕಾರದ ಆದೇಶವನ್ನೋ ಪತ್ರಿಕೆಯ ವರದಿಯನ್ನೋ ಉಲ್ಲೇಖವಾಗಿ ಕೊಟ್ಟರೆ ಅದು ನಿಲ್ಲುತ್ತದೆ. ಕೊಡುವ ಕ್ರಮವನ್ನು ಕೆಳಗೆ ತೋರಿಸಿದ್ದೇನೆ, ನೀವೇ ಮಾಡಿ ನೋಡಿ” ಎಂದು ಬರೆದಿದ್ದರೆ? ಎರಡು ನಿಮಿಷದ ಕೆಲಸ. ಒಬ್ಬ ಬರಹಗಾರ್ತಿ ಉಳಿಯುತ್ತಿದ್ದಳು.

‘ನೀವೇ ಮಾಡಿ ನೋಡಿ’ ಎಂಬಲ್ಲಿ ಎಲ್ಲವೂ ಅಡಗಿದೆ. ಹದಿಮೂರನೆಯ ಶತಮಾನದಲ್ಲಿ ಅಕ್ವಿನೋದ ಸಂತ ತೋಮಸರು ಬೋಧಕನ ಕುರಿತು ಬರೆಯುತ್ತ ಅವನನ್ನು ವೈದ್ಯನಿಗೆ ಹೋಲಿಸಿದರು. ರೋಗಿಯನ್ನು ಗುಣಪಡಿಸುವುದು ಮುಖ್ಯವಾಗಿ ಅವನ ದೇಹಪ್ರಕೃತಿಯೇ. ವೈದ್ಯನು ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಕಲಿಯುವುದು ವಿದ್ಯಾರ್ಥಿಯ ಸ್ವಂತ ಬುದ್ಧಿ. ಬೋಧಕನು ಅದರ ಬದಲಿಗೆ ನಿಲ್ಲಲಾರ. ಹೊಸಬನ ಲೇಖನವನ್ನು ತಾನೇ ಅಂದವಾಗಿ ಬರೆದುಕೊಟ್ಟು ‘ನೋಡಪ್ಪಾ, ಹೀಗಿರಬೇಕು’ ಎನ್ನುವ ಉಪಕಾರಿಯು ಲೇಖನವನ್ನು ಉಳಿಸಿದನೇ ಹೊರತು ಲೇಖಕನನ್ನಲ್ಲ.

ಈ ಕೊರತೆಯನ್ನು ವಿಕಿಪೀಡಿಯದವರು ತಾವೇ ಅರಿತಿದ್ದಾರೆ. ಹೊಸಬರನ್ನು ಕಚ್ಚಬೇಡಿರಿ ಎಂಬರ್ಥದ ಮಾರ್ಗಸೂಚಿಯೊಂದು ಇಂಗ್ಲಿಷ್ ಆವೃತ್ತಿಯಲ್ಲಿ ಬಹಳ ಹಿಂದಿನಿಂದಲೂ ಇದೆ. (ಕಚ್ಚುವ ಅಭ್ಯಾಸವಿದ್ದುದರಿಂದಲೇ ತಾನೆ ಅದನ್ನು ಬರೆಯಬೇಕಾಯಿತು!) 2012ರಲ್ಲಿ ಅಲ್ಲಿ ‘ಚಹಾಗೃಹ’ ಎಂಬರ್ಥದ ಹೆಸರಿನ ಪುಟವೊಂದು ತೆರೆಯಿತು. ಹೊಸಬರು ಅಲ್ಲಿ ಎಂತಹ ಸಣ್ಣ ಪ್ರಶ್ನೆಯನ್ನಾದರೂ ಕೇಳಬಹುದು. ಅನುಭವಿಗಳು ಸೌಜನ್ಯದಿಂದ ಉತ್ತರಿಸುತ್ತಾರೆ. ಹೊಸ ಸದಸ್ಯನಿಗೆ ಒಬ್ಬ ಮಾರ್ಗದರ್ಶಕನನ್ನು ಗೊತ್ತುಮಾಡುವ ಏರ್ಪಾಡೂ ಹಲವು ಭಾಷೆಗಳಲ್ಲಿದೆ. ಕನ್ನಡದ ಆವೃತ್ತಿಯಲ್ಲಿ ಸದಸ್ಯರು ಕೂಡಿ ಮಾತನಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಎಷ್ಟು ಸೊಗಸಾದ ಹೆಸರು! ಆದರೆ ನಮ್ಮ ಊರುಗಳ ಅರಳಿಕಟ್ಟೆಯ ಮೇಲೆ ಹೊರಗಿನವನು ಕುಳಿತಾಗ ‘ಯಾವೂರಪ್ಪಾ, ಯಾರ ಮನಿಗೆ ಬಂದೀ?’ ಎಂದು ಕೇಳುವ ಹಿರಿಯನೊಬ್ಬ ಇದ್ದೇ ಇರುತ್ತಾನೆ. ಕಟ್ಟೆಯಿದ್ದು ಕೇಳುವವನಿಲ್ಲದಿದ್ದರೆ ಅದು ಬರಿಯ ಕಲ್ಲು. ಖಾತೆ ತೆರೆದವರೆಲ್ಲರಿಗೂ ಒಂದೇ ಅಚ್ಚಿನಲ್ಲಿ ಹೋಗುವ ಸುಸ್ವಾಗತ ಸಂದೇಶವನ್ನು ನಾನು ಸ್ವಾಗತವೆಂದು ಒಪ್ಪಲಾರೆ.

ಅನುಭವವಿಲ್ಲದ ಉತ್ಸಾಹವೂ ಅಪಾಯಕಾರಿ ಎಂಬುದಕ್ಕೆ ಪುಣೆಯ ಪ್ರಸಂಗವೇ ಸಾಕ್ಷಿ. 2011ರಲ್ಲಿ ಅಲ್ಲಿನ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಿಸುವ ಕಾರ್ಯಕ್ರಮ ಬಹು ಸಂಭ್ರಮದಿಂದ ಆರಂಭವಾಯಿತು. ವಿದ್ಯಾರ್ಥಿಗಳು ಒಮ್ಮೆಗೇ ಗುಂಪುಗುಂಪಾಗಿ ಬಂದರು. ಅವರಿಗೆ ಕಲಿಸಲು ನಿಂತ ಸ್ವಯಂಸೇವಕರಲ್ಲಿ ಅನೇಕರು ತಾವೇ ಹೊಸಬರು. ಪಠ್ಯಪುಸ್ತಕ, ಜಾಲತಾಣಗಳಿಂದ ಇದ್ದಕ್ಕಿದ್ದಂತೆ ನಕಲು ಮಾಡಿದ ಬರಹಗಳು ಪ್ರವಾಹದಂತೆ ಬಂದು, ಅವುಗಳನ್ನು ಹೆಕ್ಕಿ ತೆಗೆಯುವುದರಲ್ಲಿ ದೂರದ ಸಂಪಾದಕರು ಹೈರಾಣಾದರು. ಅದೇ ವರ್ಷ ಕಾರ್ಯಕ್ರಮ ನಿಂತಿತು. ನಕಲು ಮಾಡುವುದು ತಪ್ಪೆಂದು ವಿದ್ಯಾರ್ಥಿಗೆ ಮೊದಲ ಬಾರಿ ತಿಳಿದದ್ದು ಅವನ ಲೇಖನ ಅಳಿಸಿಹೋದಾಗ. ನಮ್ಮ ಶಾಲೆಗಳಲ್ಲಿ ‘ಪ್ರಾಜೆಕ್ಟ್’ ಎಂದರೆ ಎಲ್ಲಿಂದಲೋ ಇಳಿಸಿ ಅಂಟಿಸುವುದು ಎಂಬ ವಾಡಿಕೆಯಿರುವಾಗ ಆ ಹುಡುಗರನ್ನಷ್ಟೇ ದೂಷಿಸುವುದು ಹೇಗೆ?

ಕನ್ನಡದಲ್ಲಿ ಇದಕ್ಕಿಂತ ತಾಳ್ಮೆಯ ಕೆಲಸ ನಡೆದಿದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವು 2013ರ ಸುಮಾರಿನಿಂದ ಕನ್ನಡವೂ ಸೇರಿದಂತೆ ದ್ವಿತೀಯ ಭಾಷೆಯ ವಿದ್ಯಾರ್ಥಿಗಳಿಗೆ ವಿಕಿಪೀಡಿಯದ ಬರವಣಿಗೆಯನ್ನು ಕಲಿಕೆಯ ಭಾಗವಾಗಿಸಿತು. ಮಂಗಳೂರಿನ ಸಂತ ಅಲೋಶಿಯಸ್, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ವಿಕಿಪೀಡಿಯ ವಿದ್ಯಾರ್ಥಿ ಸಂಘಗಳು ಹುಟ್ಟಿದವು. ಯು. ಬಿ. ಪವನಜರಂತಹವರು ಊರೂರು ಸುತ್ತಿ ಕಾರ್ಯಾಗಾರಗಳನ್ನು ನಡೆಸಿದರು. ವರ್ಷಗಟ್ಟಲೆ ಪ್ರಾಯೋಗಿಕ ಹಂತದಲ್ಲಿದ್ದ ತುಳು ವಿಕಿಪೀಡಿಯವು 2016ರ ಆಗಸ್ಟಿನಲ್ಲಿ ಪೂರ್ಣಪ್ರಮಾಣದಲ್ಲಿ ಹೊರಬಂದದ್ದು ಇಂತಹ ಕೈಹಿಡಿದು ನಡೆಸುವಿಕೆಯ ಫಲವೇ. ಅಂಕಕ್ಕಾಗಿ ಬರೆದವರಲ್ಲಿ ಹೆಚ್ಚಿನವರು ಅಂಕ ಬಂದ ಮೇಲೆ ಮರಳುವುದಿಲ್ಲ ಎಂಬುದು ಇಂತಹ ಕಾರ್ಯಕ್ರಮಗಳ ಸಾಮಾನ್ಯ ಅನುಭವ, ಅದೇನೂ ಆಶ್ಚರ್ಯವಲ್ಲ. ನನ್ನ ಕೊರಗು ಬೇರೆ. ಹೆಸರಿಸಿದ ಈ ಊರುಗಳೆಲ್ಲ ಬೆಂಗಳೂರು, ಕರಾವಳಿಯವು. ತುಂಗಭದ್ರೆ, ಕೃಷ್ಣೆಯರ ನಡುವಿನ ನಮ್ಮ ದೋಆಬ್ ಪ್ರದೇಶದಲ್ಲಿ, ಸಿಂಧನೂರಿನಲ್ಲಿ, ಲಿಂಗಸುಗೂರಿನಲ್ಲಿ, ಮಸ್ಕಿಯಲ್ಲಿ ಪದವಿ ಓದುವ ಮಕ್ಕಳಿಲ್ಲವೇ?

ಇಲ್ಲಿನ ತೊಡಕುಗಳು ಪಾರಮಾರ್ಥಿಕವಾದವೇನೂ ಅಲ್ಲ. ಡಿಟಿಪಿ ಕೆಲಸ ಬಲ್ಲ ಹುಡುಗನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ತಂದು ಅಂಟಿಸುತ್ತಾನೆ. ಯೂನಿಕೋಡ್ ಅಲ್ಲದ ಕಾರಣ ಪುಟದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಪಕ್ಕದಲ್ಲಿ ಬಲ್ಲವರೊಬ್ಬರಿದ್ದರೆ ಪರಿವರ್ತಕವನ್ನು ತೋರಿಸಿಕೊಡುವುದು ಐದು ನಿಮಿಷದ ಮಾತು. ಇಲ್ಲದಿದ್ದರೆ ಅವನು ಅಲ್ಲಿಗೇ ಕೈಬಿಡುತ್ತಾನೆ. ಮೊದಲು ಪ್ರಯೋಗಪುಟದಲ್ಲಿ ಬರೆಯಬೇಕು, ಸ್ವಂತ ಸಂಘದ ಹೊಗಳಿಕೆ ಬರೆಯಬಾರದು, ಮತ್ತೊಬ್ಬರ ಛಾಯಾಚಿತ್ರವನ್ನು ಅನುಮತಿಯಿಲ್ಲದೆ ಏರಿಸಬಾರದು: ಇವು ನಿಯಮಪುಟಗಳಲ್ಲಿ ಇದ್ದೇ ಇವೆ, ಆದರೆ ಹೊಸಬರು ನಿಯಮಪುಟ ಓದಿ ಬರುವುದಿಲ್ಲ.

ಅಜ್ಜಿಯ ಕಥೆಯ ವಿಷಯ ಮಾತ್ರ ಅಷ್ಟು ಸುಲಭವಲ್ಲ. ಅಚ್ಚಾದ ಆಧಾರವಿಲ್ಲದ ಜ್ಞಾನವನ್ನು ಏನು ಮಾಡಬೇಕು? 2011ರಲ್ಲಿ ಅಚಲ ಪ್ರಭಲ ಅವರು ಭಾರತ ಮತ್ತು ದಕ್ಷಿಣ ಆಫ್ರಿಕದ ಹಳ್ಳಿಗಳ ಮೌಖಿಕ ತಿಳಿವಳಿಕೆಯನ್ನು ಧ್ವನಿಮುದ್ರಿಸಿ, ಅದನ್ನೇ ಉಲ್ಲೇಖವಾಗಿ ಬಳಸಬಹುದೇ ಎಂಬ ಪ್ರಶ್ನೆಯನ್ನು ಚಲನಚಿತ್ರವೊಂದರ ಮೂಲಕ ಎತ್ತಿದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಪ್ರಶ್ನೆಯಂತೂ ನ್ಯಾಯವಾದದ್ದು. ನನಗೆ ತೋರುವ ದಾರಿ ಬೇರೆ. ಅಜ್ಜಿಯ ಮಾತನ್ನು ಮೊದಲು ಕಾಲೇಜಿನ ಸಂಚಿಕೆಯಲ್ಲೋ, ಜಾನಪದ ಸಂಗ್ರಹದಲ್ಲೋ, ಪತ್ರಿಕೆಯಲ್ಲೋ ಹೆಸರು, ಊರು, ದಿನಾಂಕ ಸಹಿತ ಅಚ್ಚು ಮಾಡಿಸಲಿ. ಆಮೇಲೆ ವಿಶ್ವಕೋಶವು ಅದನ್ನು ‘ಊರವರು ಹೀಗೆ ಹೇಳುತ್ತಾರೆ’ ಎಂದು ದಾಖಲಿಸಬಹುದು. ಮುದಗಲ್ಲಿನ ಕ್ರೈಸ್ತ ಸಮುದಾಯವು ಬಿಜಾಪುರದ ಆದಿಲ್‌ಶಾಹಿಗಳ ಕಾಲದಷ್ಟು ಹಳೆಯದು. ಅದರ ನೆನಪುಗಳಲ್ಲಿ ಎಷ್ಟೋ ಪಾಲು ಇನ್ನೂ ಹಿರಿಯರ ಬಾಯಲ್ಲಿದೆ. ಅಚ್ಚಿಗೆ ಬರುವ ಮುನ್ನವೇ ಅವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ವಿಕಿಪೀಡಿಯ ಆಧಾರ ಕೇಳುತ್ತದೆಂದು ಸಿಟ್ಟಾಗುವುದಕ್ಕಿಂತ, ಆ ಆಧಾರವನ್ನು ನಾವೇಕೆ ಇದುವರೆಗೆ ಸೃಷ್ಟಿಸಲಿಲ್ಲವೆಂದು ಕೇಳಿಕೊಳ್ಳುವುದು ಉಚಿತ.

ಯಂತ್ರವೇ ಬರೆಯುವಾಗ ಇಷ್ಟೆಲ್ಲ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಯಂತ್ರದ ಕೈಗೆ ಕನ್ನಡವನ್ನು ಕೊಟ್ಟ ಅನುಭವ ನಮಗೆ ಹೊಸದಲ್ಲ. 2009ರ ನಂತರದ ಒಂದೆರಡು ವರ್ಷಗಳಲ್ಲಿ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಾಧನದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಮಾಡಿಸಿ ತುಂಬಿತು. ಕೂಲಿಗೆ ಅನುವಾದಿಸಿದವರು ಹೊರಟುಹೋದರು. ಕೃತಕವಾದ ಆ ಉದ್ದುದ್ದ ಲೇಖನಗಳನ್ನು ತಿದ್ದುವ ಹೊರೆ ಸ್ಥಳೀಯ ಸ್ವಯಂಸೇವಕರ ಹೆಗಲೇರಿತು. ಲೇಖನಗಳ ಸಂಖ್ಯೆ ಹೆಚ್ಚಿತು, ಬರಹಗಾರರ ಸಂಖ್ಯೆಯಲ್ಲ. ಇಂದಿನ ಕೃತಕ ಬುದ್ಧಿಮತ್ತೆಯು ಅಂದಿಗಿಂತ ಚೆನ್ನಾಗಿ ಬರೆಯುತ್ತದೆ, ನಿಜ. ಆದರೆ ವಳಕಮದಿನ್ನಿಯ ಬಾವಿಯ ವಿಷಯ ಯಾರೂ ಎಲ್ಲೂ ಬರೆದಿರದಿದ್ದರೆ ಅದು ಬರೆಯುವುದಾದರೂ ಏನನ್ನು? ಊಹಿಸಿ ಬರೆದೀತು, ಅದು ಮೌನಕ್ಕಿಂತಲೂ ಕೆಟ್ಟದ್ದು.

ಆದುದರಿಂದ ನಮ್ಮ ಸೀಮೆಯ ಅಧ್ಯಾಪಕರಲ್ಲಿ, ಗ್ರಂಥಪಾಲಕರಲ್ಲಿ, ನಿವೃತ್ತ ನೌಕರರಲ್ಲಿ ನನ್ನದೊಂದು ನಿವೇದನೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಹಲವೆಡೆ ಗಣಕಯಂತ್ರವೂ ಇದೆ. ಜಿಲ್ಲಾ ಗೆಜೆಟಿಯರಿನ ಒಂದು ಪ್ರತಿಯನ್ನೂ ಜನಗಣತಿಯ ಪುಸ್ತಕವನ್ನೂ ಅಲ್ಲಿ ತಂದಿಡಿ. ತಿಂಗಳಿಗೆ ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆ ಕುಳಿತುಕೊಳ್ಳಿ. ಬರುವವರು ಮೂವರೇ ಆದರೂ ಸಾಕು. ಆದರೆ ಅವರಿಗೆ ಕಲಿಸಲು ಹೊರಡುವ ಮುನ್ನ ನೀವೇ ಒಂದು ಹತ್ತು ಪುಟಗಳನ್ನಾದರೂ ತಿದ್ದಿ, ಒಂದೆರಡು ಬಾರಿಯಾದರೂ ನಿಮ್ಮ ಬರಹ ಅಳಿಸಿಹೋಗಿ, ಏಕೆಂದು ಚರ್ಚಾಪುಟದಲ್ಲಿ ಕೇಳಿ ತಿಳಿದುಕೊಂಡಿರಿ. ಆನಂತರ ಮೊದಲ ಭಾನುವಾರದ ಪಾಠಕ್ಕೆ ಮಸ್ಕಿ ತಾಲ್ಲೂಕಿನ ಊರುಗಳ ಪಟ್ಟಿಯನ್ನೇ ಎತ್ತಿಕೊಳ್ಳಬಹುದು. ಯಾವ ಯಾವ ಪುಟದಲ್ಲಿ ಹಳೆಯ ತಾಲ್ಲೂಕು ಉಳಿದಿದೆ ಎಂದು ಮಕ್ಕಳೇ ಹುಡುಕಲಿ; ಸರ್ಕಾರದ ಆದೇಶದ ಪ್ರತಿಯನ್ನು ತಹಶೀಲ್ದಾರರ ಕಚೇರಿಯಿಂದ ತರುವ ಕೆಲಸವನ್ನು ನೀವು ವಹಿಸಿಕೊಳ್ಳಿ.