ಕಡಲೂರಿನ ಬಾಡಿಗೆ ಮತ್ತು ಒಂಟಿ ತಾಯಿಯ ಲೆಕ್ಕ

ಕಳೆದ ವರ್ಷ ಏಪ್ರಿಲ್‌ನ ಒಂದು ಭಾನುವಾರ ನನ್ನ ತಂಗಿಯ ಮಗಳು ಕೈಯಲ್ಲೊಂದು ಕಾಗದ ಹಿಡಿದು ಮನೆಗೆ ಬಂದಳು. ಅದರಲ್ಲಿ ಕಾರವಾರ, ಕುಮಟಾ, ಕುಂದಾಪುರ, ಉಡುಪಿ, ಮಂಗಳೂರು ಎಂದು ಐದು ಊರುಗಳ ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ಎರಡು ಕೋಣೆಗಳ ಮನೆಯ ಬಾಡಿಗೆ, ಮುಂಗಡ, ಶಾಲೆಯ ಶುಲ್ಕ ಇತ್ಯಾದಿಗಳನ್ನು ನೀಟಾಗಿ ಬರೆದುಕೊಂಡಿದ್ದಳು. ಆಕೆಗೆ ಒಂಬತ್ತು ವರ್ಷದ ಮಗನಿದ್ದಾನೆ. ವಿವಾಹ ವಿಚ್ಛೇದನವಾಗಿ ನಾಲ್ಕು ವರ್ಷ. ಬೆಂಗಳೂರಿನ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಎರಡು ತಿಂಗಳಿಗೊಮ್ಮೆ ಕಚೇರಿಗೆ ಮುಖ ತೋರಿಸಿದರೆ ಸಾಕು, ಉಳಿದಂತೆ ಮನೆಯಿಂದಲೇ ಮಾಡಬಹುದು. ‘ಮಾವ, ಇವುಗಳಲ್ಲಿ ಯಾವುದು ನಮಗೆ ಕೈಗೆಟುಕುತ್ತದೆ?’ ಎಂದು ಕೇಳಿದಳು. ನಾನು ಬಾಡಿಗೆಯ ಸಾಲನ್ನು ನೋಡಿ, ಒಂದು ನಿಮಿಷವೂ ಯೋಚಿಸದೆ ಕುಮಟಾದ ಮೇಲೆ ಬೆರಳಿಟ್ಟೆ. ಅರ್ಥಶಾಸ್ತ್ರ ಓದಿದವನು, ಅದರಲ್ಲೂ ಕರಾವಳಿಯಲ್ಲಿ ಕೆಲವು ವರ್ಷ ಸರ್ಕಾರಿ ಸೇವೆ ಸಲ್ಲಿಸಿದವನು ಕೊಡಬಾರದಿದ್ದ ಉತ್ತರ ಅದು.

2020ರ ನಂತರ ಇಂತಹ ಕಾಗದಗಳು ಬಹಳಷ್ಟು ಮಧ್ಯಮ ವರ್ಗದ ಮನೆಗಳಲ್ಲಿ ಹುಟ್ಟಿಕೊಂಡಿವೆ. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಕೆಲವರಿಗಾದರೂ ಉಳಿದುಕೊಂಡಿದೆ. ಬೆಂಗಳೂರಿನ ಬಾಡಿಗೆ, ಅದರ ಜೊತೆಗೆ ಮನೆ ಮಾಲೀಕರು ವಾಡಿಕೆಯಾಗಿ ಕೇಳುತ್ತ ಬಂದಿರುವ ಹತ್ತು ತಿಂಗಳ ಮುಂಗಡ, ದಿನಕ್ಕೆರಡು ಗಂಟೆ ನುಂಗುವ ರಸ್ತೆಗಳು ಜನರನ್ನು ಹೊರಗೆ ತಳ್ಳುತ್ತಿವೆ. ಬೆಂಗಳೂರಿನಿಂದ ಆಚೆಗೆ ಉದ್ಯಮವನ್ನು ಹರಡಬೇಕೆಂಬ ಸರ್ಕಾರದ ನೀತಿಯಲ್ಲೂ ಮಂಗಳೂರಿಗೆ ಸ್ಥಾನವಿದೆ. ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕರಾವಳಿ. ಇವೆಲ್ಲ ಸರಿಯೇ. ಆದರೆ ಈ ವಲಸೆಯ ಬಗ್ಗೆ ಬರುವ ಮಾತುಗಳೆಲ್ಲವೂ ಗಂಡ-ಹೆಂಡಿರಿಬ್ಬರಿರುವ ಮನೆಯನ್ನೇ ಗೃಹೀತ ಹಿಡಿಯುತ್ತವೆ. ಪೋಷಕರೊಬ್ಬರೇ ಇರುವ ಮನೆಯ ಲೆಕ್ಕವೇ ಬೇರೆ.

ಇಬ್ಬರು ವಯಸ್ಕರಿರುವ ಮನೆಯಲ್ಲಿ ಎರಡನೆಯವರು ಮಾಡುವ ಕೆಲಸಕ್ಕೆ ಯಾವ ರಸೀದಿಯೂ ಇರುವುದಿಲ್ಲ. ಮೂರೂವರೆಗೆ ಶಾಲೆ ಬಿಟ್ಟ ಮಗುವನ್ನು ಕರೆತರುವುದು, ನಡುರಾತ್ರಿ ಜ್ವರ ಏರಿದಾಗ ಒಬ್ಬರು ಮಗುವನ್ನು ಎತ್ತಿಕೊಂಡರೆ ಮತ್ತೊಬ್ಬರು ಆಟೋ ಹುಡುಕುವುದು, ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರು ಒಲೆ ಹಚ್ಚುವುದು ಯಾವ ಆಯವ್ಯಯದಲ್ಲೂ ಕಾಣದ ಸೇವೆಗಳು. ಆ ಎರಡನೆಯ ವ್ಯಕ್ತಿ ಇಲ್ಲದಾಗ ಅವೆಲ್ಲವನ್ನೂ ಹಣ ಕೊಟ್ಟು ಕೊಳ್ಳಬೇಕು, ಇಲ್ಲವೇ ಊರು ಒದಗಿಸಿಕೊಡಬೇಕು. ಎರಡೂ ಆಗದಿದ್ದರೆ ತಾಯಿಯ ಸಂಬಳವೋ ಆರೋಗ್ಯವೋ ಅದನ್ನು ತೆರುತ್ತದೆ. ಆದ್ದರಿಂದ ಒಂಟಿ ತಾಯಿಗೆ ಒಂದು ಊರು ಅಗ್ಗವೋ ದುಬಾರಿಯೋ ಎಂಬುದನ್ನು ನಿರ್ಧರಿಸುವುದು ಬಾಡಿಗೆಯಲ್ಲ. ಇಲ್ಲದ ಆ ಇನ್ನೊಬ್ಬರ ಕೆಲಸದಲ್ಲಿ ಎಷ್ಟನ್ನು ಆ ಊರು ತಾನೇ ಹೊರುತ್ತದೆ ಎಂಬುದು. (ಒಂಟಿ ತಂದೆಯರಿಗೂ ಇದು ಅನ್ವಯಿಸುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 730 ದಿನಗಳ ಶಿಶುಪಾಲನಾ ರಜೆಯನ್ನು ಒಂಟಿ ಪುರುಷ ನೌಕರರಿಗೂ ವಿಸ್ತರಿಸಿದ್ದು ಇದೇ ತಿಳಿವಳಿಕೆಯಿಂದ. ಖಾಸಗಿ ನೌಕರಿಯವರಿಗೆ ಆ ಭಾಗ್ಯವಿಲ್ಲ.)

ಈ ಅಳತೆಗೋಲು ಹಿಡಿದು ನೋಡಿದಾಗ ನನ್ನ ಕುಮಟಾದ ಸಲಹೆ ಮೊದಲ ಹೆಜ್ಜೆಯಲ್ಲೇ ಕುಸಿಯಿತು. ಉತ್ತರ ಕನ್ನಡದಷ್ಟು ಸುಂದರವಾದ ಕರಾವಳಿ ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. ಅಘನಾಶಿನಿ ಕಡಲು ಸೇರುವಲ್ಲಿ ನಿಂತವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೂ ಜಿಲ್ಲೆಯ ಗಂಭೀರ ರೋಗಿಗಳು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯುವುದು ತಪ್ಪಿಲ್ಲ. ಹೊನ್ನಾವರದಿಂದ ಮಣಿಪಾಲ ನೂರು ಕಿಲೋಮೀಟರಿಗೂ ಹೆಚ್ಚು. ಕುಮಟಾದಿಂದ ಇನ್ನೂ ದೂರ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿಯತ್ತ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಉರುಳಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಎದ್ದಿತು. ಭರವಸೆಗಳಿಗೇನೂ ಕೊರತೆಯಾಗಲಿಲ್ಲ. ಎರಡು ವರ್ಷಗಳ ನಂತರ, 2024ರ ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು, ಜೀವಗಳೂ ಹೋದವು. ಅದೇ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಒಂದೇ ಹೆದ್ದಾರಿಯನ್ನು ನೆಚ್ಚಿಕೊಂಡ ಜಿಲ್ಲೆಯಲ್ಲಿ ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ ಮಳೆಗಾಲದ ಗಂಟೆಗಳಲ್ಲಿ ಅಳೆಯುವುದು ಸರಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಹುದೇನೋ. ತಾಯಿಯೇ ಆಂಬುಲೆನ್ಸಿನಲ್ಲಿ ಮಲಗಿದ್ದರೆ ಮಗು ಯಾರ ಬಳಿ ಇರಬೇಕು?

ದಕ್ಷಿಣದ ಎರಡು ಜಿಲ್ಲೆಗಳಲ್ಲಿ ಪರಿಸ್ಥಿತಿ ಬೇರೆ. ಮಣಿಪಾಲದಲ್ಲಿ 1953ರಲ್ಲೇ ವೈದ್ಯಕೀಯ ಕಾಲೇಜು ಹುಟ್ಟಿತು. ಮಂಗಳೂರಿನಲ್ಲಿ ಇಂದು ಆಸ್ಪತ್ರೆಗಳ ದಟ್ಟಣೆಯೇ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲ ಸ್ಥಾನ ಪಡೆದವು. ಆದರೆ ಇಲ್ಲಿ ಬಸ್ಸಿನ ವಿಚಾರದಲ್ಲೊಂದು ವಿಪರ್ಯಾಸವಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಮಂಗಳೂರು ನಗರದಲ್ಲಾಗಲಿ, ಉಡುಪಿ-ಕುಂದಾಪುರ ಭಾಗದ ದಿನನಿತ್ಯದ ಓಡಾಟದಲ್ಲಾಗಲಿ ಬಹುಪಾಲು ಖಾಸಗಿ ಬಸ್ಸುಗಳದೇ ಪಾರಮ್ಯ. ಹೀಗಾಗಿ ರಾಜ್ಯದ ಉಳಿದ ಕಡೆ ದುಡಿಯುವ ಹೆಣ್ಣಿಗೆ ಸಿಕ್ಕ ಸೌಲಭ್ಯ ಇಲ್ಲಿಯವಳಿಗೆ ಅರ್ಧಂಬರ್ಧ ಮಾತ್ರ. ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸು ಓಡುವ ಉತ್ತರ ಕನ್ನಡದಲ್ಲಿ ಟಿಕೆಟ್ ಉಚಿತ, ದೊಡ್ಡ ಆಸ್ಪತ್ರೆ ದೂರ. ಆಸ್ಪತ್ರೆ ಹತ್ತಿರವಿರುವಲ್ಲಿ ಟಿಕೆಟಿಗೆ ದುಡ್ಡು ತೆರಬೇಕು. ಹಾಗಿದ್ದೂ ನನ್ನ ಆಯ್ಕೆ ಎರಡನೆಯದೇ. ಬೆನ್ನುಬೆನ್ನಿಗೆ ಬರುವ ಖಾಸಗಿ ಬಸ್ಸು ಉಳಿಸಿಕೊಡುವ ಮುಕ್ಕಾಲು ಗಂಟೆ, ಗಂಟೆಗೊಮ್ಮೆ ಬರುವ ಉಚಿತ ಬಸ್ಸು ಉಳಿಸಿಕೊಡುವ ಇಪ್ಪತ್ತು ರೂಪಾಯಿಗಿಂತ ಈ ತಾಯಿಗೆ ಬೆಲೆಯುಳ್ಳದ್ದು.

ಇನ್ನು ಮಳೆ ರಜೆಯ ಮಾತು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ರಾತ್ರಿ ಜಿಲ್ಲಾಧಿಕಾರಿ ಮರುದಿನ ಶಾಲೆಗಳಿಗೆ ರಜೆ ಘೋಷಿಸುವುದು ಕರಾವಳಿಯ ಮಳೆಗಾಲದ ಪದ್ಧತಿ. ಕಾಲುಸಂಕ ದಾಟಿ ಬರುವ ಮಕ್ಕಳ ಜೀವದ ಪ್ರಶ್ನೆ ಅದು. ಆ ಆದೇಶವನ್ನು ನಾನು ಆಕ್ಷೇಪಿಸಲಾರೆ. ಸೇವೆಯಲ್ಲಿದ್ದಾಗ ಅಂತಹ ಕಡತಗಳಿಗೆ ಶಿಫಾರಸು ಬರೆದವನು ನಾನೂ ಹೌದು. ನದಿಯ ಮಟ್ಟ, ರಸ್ತೆಯ ಸ್ಥಿತಿ, ಸರಿದೂಗಿಸಬೇಕಾದ ಪಾಠದ ದಿನಗಳು, ಎಲ್ಲವೂ ನನ್ನ ಟಿಪ್ಪಣಿಯಲ್ಲಿರುತ್ತಿದ್ದವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡಬೇಕಾದ ತಾಯಿ ಏನು ಮಾಡುತ್ತಾಳೆ ಎಂಬ ಒಂದು ಸಾಲನ್ನು ನಾನು ಒಮ್ಮೆಯೂ ಬರೆದ ನೆನಪಿಲ್ಲ. ಯಾರೂ ಕೇಳಲೂ ಇಲ್ಲ. ಅಜ್ಜಿ ಇರುತ್ತಾರೆ, ಚಿಕ್ಕಮ್ಮ ಇರುತ್ತಾರೆ ಎಂದೇ ಆಡಳಿತ ಭಾವಿಸಿಕೊಂಡಿತ್ತು, ಈಗಲೂ ಭಾವಿಸಿಕೊಂಡಿದೆ. ಬೆಂಗಳೂರಿನಿಂದ ಹೊಸದಾಗಿ ಬಂದವಳಿಗೆ ಅಜ್ಜಿಯನ್ನು ಎಲ್ಲಿಂದ ತರುವುದು?

ಗ್ರಾಮ ಪಂಚಾಯಿತಿಗಳಲ್ಲಿ ಪುಟ್ಟ ಮಕ್ಕಳಿಗಾಗಿ ‘ಕೂಸಿನ ಮನೆ’ ಎಂಬ ಯೋಜನೆಯನ್ನು 2023-24ರ ಬಜೆಟ್‌ನಲ್ಲಿ ಘೋಷಿಸಲಾಯಿತು. ಒಳ್ಳೆಯ ಯೋಜನೆ. ಆದರೆ ಒಂಬತ್ತು ವರ್ಷದವನು ಕೂಸಲ್ಲ, ಪುರಸಭೆಯ ಊರು ಪಂಚಾಯಿತಿಯೂ ಅಲ್ಲ. ಶಾಲೆ ಬಿಟ್ಟ ಮೇಲೆ ಆರೂವರೆಯವರೆಗೆ, ಮತ್ತು ಮಳೆ ರಜೆಯ ದಿನ, ದೊಡ್ಡ ಮಕ್ಕಳು ಕೂತು ಓದಬಹುದಾದ ಒಂದು ಸಾರ್ವಜನಿಕ ಕೋಣೆ ನಮ್ಮ ಯಾವ ಇಲಾಖೆಯ ಕಲ್ಪನೆಗೂ ಬಂದಿಲ್ಲ. ಅಷ್ಟಕ್ಕೂ ಪಟ್ಟಣದ ಗ್ರಂಥಾಲಯ ಕಟ್ಟಡಗಳು ಇದ್ದೇ ಇವೆ.

ಕರಾವಳಿಗೆ ಒಂಟಿ ಹೆಣ್ಣು ನಡೆಸುವ ಮನೆ ಹೊಸದೇನಲ್ಲ ಎಂಬ ವಾದವೂ ಇದೆ, ಅದರಲ್ಲಿ ಸತ್ಯವಿದೆ. 2011ರ ಜನಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ಸಾವಿರ ಪುರುಷರಿಗೆ 1094 ಮಹಿಳೆಯರು. ದಕ್ಷಿಣ ಕನ್ನಡದಲ್ಲಿ 1020. ರಾಜ್ಯದ ಸರಾಸರಿ 973 ಮಾತ್ರ. ಮುಂಬೈ ಹೋಟೆಲುಗಳಿಗೂ ಕೊಲ್ಲಿ ರಾಷ್ಟ್ರಗಳಿಗೂ ಗಂಡಸರನ್ನು ಕಳುಹಿಸಿದ ಊರುಗಳಿವು. ಮನೆ, ಗದ್ದೆ, ಬ್ಯಾಂಕು, ಮಕ್ಕಳ ಶಾಲೆ, ಎಲ್ಲವನ್ನೂ ಹೆಂಗಸರೇ ನಿಭಾಯಿಸಿದರು. ಅದಕ್ಕೂ ಹಿಂದೆ ಇಲ್ಲಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿತ್ತು. ವಂಶ ಹೆಣ್ಣಿನಿಂದ, ಮನೆತನದ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. ಗಂಡ ಮನೆಯಲ್ಲಿಲ್ಲದಿದ್ದರೂ ಮಗುವಿಗೆ ಒಬ್ಬ ಮಾವನಿರುತ್ತಿದ್ದ. ನಾನು ಹೇಳುತ್ತಿರುವ ಎರಡನೆಯ ವಯಸ್ಕನನ್ನು ಆ ವ್ಯವಸ್ಥೆ ಕಾನೂನಿನಂತೆಯೇ ಒದಗಿಸಿತ್ತು. (ನಮ್ಮದು ಆ ಸಂಪ್ರದಾಯದ ಮನೆಯಲ್ಲ. ಆಗಿದ್ದರೆ ಬೆರಳಿಟ್ಟು ಊರು ತೋರಿಸಿ ಸುಮ್ಮನಾಗಲು ನನಗೆ ಆಗುತ್ತಿರಲಿಲ್ಲ.) 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆ ಪದ್ಧತಿ ಆಸ್ತಿಯ ವಿಷಯದಲ್ಲಿ ಹಿಂದೆ ಸರಿಯಿತು. ಕೂಡುಮನೆಗಳ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ.

ಗಂಡ ದುಬೈಯಲ್ಲಿದ್ದಾನೆ ಎಂದರೆ ಮನೆ ಸಲೀಸಾಗಿ ಬಾಡಿಗೆಗೆ ಸಿಗುತ್ತದೆ. ಗಂಡನಿಲ್ಲ ಎಂದರೆ ಮಾತು ಬದಲಾಗುತ್ತದೆ. ಐದು ಊರುಗಳಲ್ಲಿ ನಾಲ್ಕರಲ್ಲಿ ನನ್ನ ಸೊಸೆಗೆ ಎದುರಾದ ಮೊದಲ ಪ್ರಶ್ನೆ, ‘ಯಜಮಾನರು ಎಲ್ಲಿ?’ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿಗಾಗಿ ಸರ್ಕಾರ ಮನೆಮನೆಯಲ್ಲೂ ಯಜಮಾನಿಯನ್ನು ಗುರುತಿಸಿ ವರ್ಷಗಳಾದವು, ಮನೆ ಮಾಲೀಕರಿಗೆ ಇನ್ನೂ ಯಜಮಾನನೇ ಬೇಕು. ಹೆಣ್ಣುಮಕ್ಕಳ ಓಡಾಟದ ಮೇಲೆ ಕಣ್ಣಿಡುವ ಸ್ವಯಂಘೋಷಿತ ಕಾವಲುಗಾರರ ಹಾವಳಿಯನ್ನೂ ಇಲ್ಲಿ ಮರೆಯುವಂತಿಲ್ಲ. 2009ರಲ್ಲಿ ಮಂಗಳೂರಿನ ಪಬ್‌ನಲ್ಲಿ, 2012ರಲ್ಲಿ ಅದೇ ನಗರದ ಹೋಮ್‌ಸ್ಟೇಯಲ್ಲಿ ನಡೆದ ದಾಳಿಗಳು ಸಾಮಾನ್ಯ ದಿನದ ಚಿತ್ರವಲ್ಲ, ನಿಜ. ಆದರೆ ಸಹೋದ್ಯೋಗಿಯೊಬ್ಬ ಕಡತ ಕೊಡಲು ಮನೆಗೆ ಬಂದರೆ ಬೀದಿ ಏನೆನ್ನುತ್ತದೆ ಎಂದು ಯೋಚಿಸಬೇಕಾಗುವುದೂ ಒಂದು ವೆಚ್ಚವೇ.

ಕಾನೂನಿನ ಒಂದು ಎಚ್ಚರಿಕೆಯನ್ನು ಮನೆ ಹುಡುಕುವ ಮೊದಲೇ ಹೇಳಬೇಕಿತ್ತು. ಮಗುವಿನ ಪಾಲನೆಯ ಪ್ರಕರಣ ನ್ಯಾಯಾಲಯದಲ್ಲಿದ್ದರೆ, ಅಥವಾ ವಿಚ್ಛೇದನದ ಆದೇಶದಲ್ಲಿ ತಂದೆಯ ಭೇಟಿಗೆ ದಿನ ಗೊತ್ತುಮಾಡಿದ್ದರೆ, ಊರು ಬಿಡುವ ಮುನ್ನ ಒಪ್ಪಿಗೆಯೋ ಅನುಮತಿಯೋ ಲಿಖಿತವಾಗಿ ಕೈಯಲ್ಲಿರಬೇಕು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಇಂದಿಗೂ ಜಾರಿಯಲ್ಲಿದ್ದು, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರ ಎನ್ನುತ್ತದೆ. ಊರು ಬದಲಾಯಿಸುವುದೇ ಹೊಸ ವ್ಯಾಜ್ಯಕ್ಕೆ ನೆಪವಾದೀತು. ತಾಯಿಯೂ ಸಹಜ ಪೋಷಕಿಯಾಗಬಲ್ಲಳೆಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದಾರಿ ಸ್ವಲ್ಪ ಸುಗಮವಾಗಿದೆ. ಶಾಲೆಯ ವಿಚಾರದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೆಯ ಸೆಕ್ಷನ್ ನೆರವಿಗಿದೆ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಿ ಬರುವ ಮಗುವಿಗೆ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

ಕಡಲಿನ ಬಗ್ಗೆ ಹೇಳಲು ಹೆಚ್ಚಿಲ್ಲ. ದಡಕ್ಕೆ ಅಂಟಿಕೊಂಡ ಮನೆ ಬೇಡ. ಉಳ್ಳಾಲದ ಕಡಲ್ಕೊರೆತವನ್ನು ಒಮ್ಮೆ ನೋಡಿ ಬಂದರೆ ಸಾಕು. ಗೋಕರ್ಣ, ಮುರ್ಡೇಶ್ವರಗಳಂತಹ ಕಡೆ ಮನೆ ಮಾಲೀಕರ ಕಣ್ಣು ಪ್ರವಾಸಿಯ ಮೇಲಿರುತ್ತದೆ. ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ದುಬಾರಿ. ಇಷ್ಟೊಂದು ಮಳೆ ಸುರಿಯುವ ನಾಡಿನಲ್ಲಿ ಬೇಸಿಗೆಗೆ ಕುಡಿಯುವ ನೀರಿಗೆ ಪರದಾಟ ಎಂದರೆ ಹೊರಗಿನವರು ನಂಬುವುದಿಲ್ಲ. 2019ರ ಮೇ ತಿಂಗಳಲ್ಲಿ ಮಂಗಳೂರು, ಉಡುಪಿಗಳೆರಡರಲ್ಲೂ ನೀರಿಗೆ ಸರದಿ ಇಟ್ಟಿದ್ದರು. ಸ್ವಂತ ಬಾವಿಯಿರುವ ಹಳೆಯ ಮನೆಯ ಮಹಡಿ ಸಿಕ್ಕರೆ ಹೊಸ ಫ್ಲ್ಯಾಟಿಗಿಂತ ಲೇಸು. ಕೆಳಗಿನ ಮನೆಯಲ್ಲಿ ಮಾಲೀಕರೇ ಇದ್ದರೆ ಇನ್ನೂ ಲೇಸು, ಅವರ ಪ್ರಶ್ನೆಗಳನ್ನು ಸಹಿಸಿಕೊಳ್ಳಬಲ್ಲವರಾದರೆ.

ಎಲ್ಲವನ್ನೂ ಕೂಡಿಸಿ ಕಳೆದ ಮೇಲೆ ನಾನು ಸೊಸೆಗೆ ಎರಡನೆಯ ಬಾರಿ ಹೇಳಿದ್ದು ಉಡುಪಿ ಅಥವಾ ಕುಂದಾಪುರ. ಮಂಗಳೂರಿನಲ್ಲಿ ಸೌಲಭ್ಯ ಹೆಚ್ಚು, ಬಾಡಿಗೆಯೂ ಹೆಚ್ಚು. ಅದು ನಗರದ ಬದಲಿಗೆ ಇನ್ನೊಂದು ನಗರ. ಕುಂದಾಪುರದಿಂದ ಮಣಿಪಾಲಕ್ಕೆ ಸುಮಾರು ನಲವತ್ತು ಕಿಲೋಮೀಟರ್, ನಡುವೆ ಘಟ್ಟವಿಲ್ಲ, ನಾಲ್ಕು ಪಥದ ರಸ್ತೆಯಿದೆ. ಶಾಲೆ, ಪೇಟೆ, ಔಷಧಿ ಅಂಗಡಿ ಕಾಲ್ನಡಿಗೆಯ ದೂರ. ಹುಡುಗ ಒಬ್ಬನೇ ಶಾಲೆಗೆ ನಡೆದು ಹೋಗಬಹುದಾದ ಊರು ತಾಯಿಗೆ ದಿನಕ್ಕೊಂದು ಗಂಟೆಯನ್ನು ಹಿಂದಿರುಗಿಸುತ್ತದೆ. ಬೆಂಗಳೂರಿನಲ್ಲಿ ಆ ಗಂಟೆಯನ್ನು ಆಕೆ ಶಾಲಾ ವಾಹನಕ್ಕೆ ಹಣ ಕೊಟ್ಟು ಕೊಳ್ಳುತ್ತಿದ್ದಳು.

ಸರ್ಕಾರ ಮಾಡಬಹುದಾದ ಕೆಲಸಗಳಲ್ಲಿ ದೊಡ್ಡ ವೆಚ್ಚದ್ದು ಉತ್ತರ ಕನ್ನಡದ ಆಸ್ಪತ್ರೆಯೊಂದೇ. ಸರ್ಕಾರಿ ಬಸ್ಸಿಲ್ಲದ ಮಾರ್ಗಗಳಲ್ಲಿ ಮಹಿಳೆಯರ ಖಾಸಗಿ ಬಸ್ ಪಾಸಿಗೆ ಸಹಾಯಧನ ಕೊಡುವುದು, ಗ್ರಂಥಾಲಯಗಳನ್ನು ಸಂಜೆ ಶಾಲಾ ಮಕ್ಕಳಿಗೆ ಮೇಲ್ವಿಚಾರಕರೊಡನೆ ತೆರೆದಿಡುವುದು, ಮಳೆ ರಜೆಯ ಆದೇಶದಲ್ಲೇ ಪಟ್ಟಣದ ಒಂದು ಸುರಕ್ಷಿತ ಶಾಲೆಯನ್ನು ಪಾಲನೆಗಾಗಿ ಹೆಸರಿಸುವುದು ಇವೆಲ್ಲ ಒಬ್ಬ ಜಿಲ್ಲಾಧಿಕಾರಿ ಪ್ರಸ್ತಾವ ಬರೆದು ಕಳುಹಿಸಬಹುದಾದ ಮಟ್ಟದವು. ನಾನು ಬರೆಯಲಿಲ್ಲ ಎಂಬುದನ್ನು ಆಗಲೇ ಒಪ್ಪಿಕೊಂಡಿದ್ದೇನೆ.

ಮೇ ಕೊನೆಯಲ್ಲಿ ಆಕೆ ಕುಂದಾಪುರದಲ್ಲಿ ಒಂದು ಮಹಡಿ ಮನೆ ಹಿಡಿದಳು. ಕೆಳಗೆ ಮುಂಬೈಯಲ್ಲಿ ಮಕ್ಕಳಿರುವ ಎಪ್ಪತ್ತು ದಾಟಿದ ಹೆಂಗಸೊಬ್ಬರೇ ಇದ್ದಾರೆ. ಯಜಮಾನರ ಪ್ರಶ್ನೆಯನ್ನು ಅವರು ಕೇಳದೆ ಬಿಡಲಿಲ್ಲವಂತೆ, ಆದರೆ ಒಂದೇ ಸಲ ಕೇಳಿದರಂತೆ. ಜುಲೈನ ಮೊದಲ ಮಳೆ ರಜೆಯ ದಿನ ಹುಡುಗ ಮಧ್ಯಾಹ್ನದವರೆಗೆ ಅವರ ಜಗಲಿಯಲ್ಲಿದ್ದ. ಬಾಡಿಗೆ ಕುಮಟಾದಲ್ಲಿ ಹೇಳಿದ್ದಕ್ಕಿಂತ ಎರಡು ಸಾವಿರ ರೂಪಾಯಿ ಹೆಚ್ಚು.