ಗೆದ್ದವರ ತಲೆಗೆ ದಂಡ

ಯುದ್ಧದಲ್ಲಿ ಸೋತವನು ಗೆದ್ದವನಿಗೆ ದಂಡ ಕಟ್ಟುವುದು ಲೋಕರೂಢಿ. ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಗೆದ್ದವರೇ ಕಟ್ಟಿದರು. ಯಾಕೆಂದರೆ ಅವರು ಗುಲಾಮರಾಗಿದ್ದವರು.

ಫ್ರೆಂಚರ ಕಬ್ಬಿನ ತೋಟಗಳಲ್ಲಿ ಬಾರುಕೋಲಿನ ಏಟು ತಿಂದ ಕಪ್ಪು ಜನ ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ದೊರೆ ಯುದ್ಧನೌಕೆ ಕಳಿಸಿ, ಸ್ವಾತಂತ್ರ್ಯ ಒಪ್ಪಬೇಕಾದರೆ ಹಳೇ ಒಡೆಯರಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಿ ಅಂದ. ಆ ಲೆಕ್ಕದಲ್ಲಿ ಗುಲಾಮರ ಮೈಬೆಲೆಯೂ ಸೇರಿತ್ತು! ಮೊದಲ ಕಂತಿಗೇ ಪ್ಯಾರಿಸ್ಸಿನ ಬ್ಯಾಂಕಿನವರ ಹತ್ತಿರ ಸಾಲ ಮಾಡಬೇಕಾಯ್ತು. 1838ರಲ್ಲಿ ದಂಡವನ್ನು 9 ಕೋಟಿಗೆ ಇಳಿಸಿದರೂ ಸಾಲ ಪೂರ್ತಿ ಹರಿದದ್ದು 1947ರಲ್ಲಿ. 2003ರಲ್ಲಿ ಹೈಟಿ ಆ ಹಣ ವಾಪಸು ಕೇಳಿತು, ಫ್ರಾನ್ಸ್ ಕೊಡಲಿಲ್ಲ.

ಜೀತದ ಲೆಕ್ಕ ಬಲ್ಲ ನಾವು ಕೇಳುತ್ತೇವೆ: ಕೂಲಿಯಿಲ್ಲದೆ ದುಡಿದವನು ಸಾಲಗಾರನೋ, ದುಡಿಸಿಕೊಂಡವನು ಸಾಲಗಾರನೋ? ಲೆಕ್ಕದ ಪುಸ್ತಕ ಒಡೆಯನ ಕೈಲೇ ಬಿಟ್ಟರೆ ಗೆಲುವೂ ಸಾಲವಾಗುತ್ತೆ.